ಗೋಡೆಗೆ ಮುಖ ಮಾಡಿದವಳು

ಸಭೆಯ ಅಧ್ಯಕ್ಷರೂ ಥಾರ್ನ್‌ಲಿ ಬಂಗಲೆಯ ಒಡೆಯರೂ ಆದ ಸರ್ ರೋಲಂಡ್ ಅವರೇ, ತೆರೆಯ ಮೇಲೆ ಪತ್ತೇದಾರ ಲಾರ್ಡ್ ಕ್ವೆಂಟಿನ್ ಆಗಿ ಹದಿಮೂರು ಕೊಲೆಗಾರರನ್ನು ಹಿಡಿದು, ಇಂದು ಸಂಜೆ ಮಾತ್ರ ತಮ್ಮ ಕನ್ನಡಕವನ್ನು ಪತ್ತೆ ಮಾಡಲಾಗದೆ ಒದ್ದಾಡಿದ ನಟ ಜೂಲಿಯನ್ ಫೇನ್ ಅವರೇ, ಲಾರ್ಡ್ ಕ್ವೆಂಟಿನ್ ಅಭಿಮಾನಿ ಸಂಘದ ಕಾರ್ಯದರ್ಶಿ ಶ್ರೀಮತಿ ಹೋಪ್ ಅವರೇ, ಹ್ಯಾರೊಗೇಟಿನ ಈ ಚಳಿಯಲ್ಲೂ ಬಂದು ಕುಳಿತಿರುವ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ಬಾಯಿ ಮುಚ್ಚಿಕೊಂಡು ನಿಲ್ಲುವುದಕ್ಕೇ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಊಟ ಬಡಿಸುವ ಪರಿಚಾರಕ ಎತ್ತರವಾಗಿರಬೇಕು, ಕಾಲಿನ ಮೀನಖಂಡ ಚೆನ್ನಾಗಿರಬೇಕು, ಮಾತು ಇರಬಾರದು. ನನ್ನಲ್ಲಿ ಮೂರೂ ಇದ್ದವು. ಈಗ ಎಪ್ಪತ್ತು ವರ್ಷ. ಮೀನಖಂಡ ಹೋಯಿತು, ಎತ್ತರ ಬಾಗಿತು. ಮಾತು ಬಾರದಿರುವುದೊಂದು ಉಳಿದುಕೊಂಡಿದೆ. ಅದನ್ನೂ ಇಂದು ಬಿಡೋಣವೆಂದಿದ್ದೇನೆ.

ನನಗೆ ಕೊಡಲು ತಂದಿರುವ ಈ ಬೆಳ್ಳಿ ತಟ್ಟೆಯ ಮೇಲೆ ಏನು ಕೆತ್ತಿಸಿದ್ದಾರೆ? 'ಸಿರಿಲ್ ಮಾವ್ಸನ್, ನಮ್ಮ ಮೆಚ್ಚಿನ ಧಾರಾವಾಹಿಗೆ ನಿಜದ ಮೆರುಗು ಕೊಟ್ಟವರು.' ಕೊಟ್ಟಿದ್ದೇನೆ, ಸುಳ್ಳಲ್ಲ. ಲಾರ್ಡ್ ಕ್ವೆಂಟಿನ್ ಚಮಚವನ್ನು ಬಟ್ಟಲಿನ ಆಚೆ ಅಂಚಿನ ಕಡೆಗೆ ದೂಡಿ ಸೂಪು ಕುಡಿದಿದ್ದು ನನ್ನಿಂದ. ಅವರು ಓದುವ ದಿನಪತ್ರಿಕೆಗೆ ಇಸ್ತ್ರಿ ಹಾಕಿಸಿದ್ದು ನಾನು. ಫೇನ್ ಅವರು ಮೊದಲ ದಿನ ಕಪ್ಪನ್ನು ಎರಡು ಕೈಯಲ್ಲಿ ಹಿಡಿದಿದ್ದರು, ಪಾಪ, ಅವರ ತಂದೆ ಲೀಡ್ಸಿನಲ್ಲಿ ಬಸ್ ಓಡಿಸುತ್ತಿದ್ದವರು. ನಗಬೇಡಿ, ಅವರೂ ನಗುತ್ತಿದ್ದಾರೆ.

ಇಂದಿನ ಆಮಂತ್ರಣ ಪತ್ರಿಕೆಯ ಮೇಲಿನ ಚಿತ್ರ ನೋಡಿದಿರಾ? ಮನೆಗೆಲಸದ ಹುಡುಗಿಯೊಬ್ಬಳು ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ. ಒಡೆಯರ ಮನೆಯವರು ಎದುರಾದರೆ ಕೆಳಗಿನ ಹುಡುಗಿಯರು ಹಾಗೆ ತಿರುಗಿ ನಿಲ್ಲಬೇಕಿತ್ತು. ಅದನ್ನು ಧಾರಾವಾಹಿಗೆ ಹೇಳಿಕೊಟ್ಟದ್ದೂ ನಾನೇ. ಪತ್ರಿಕೆಗಳು ಹೊಗಳಿದವು. ಆ ದೃಶ್ಯ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ನಾನೇ ಹೇಳುತ್ತೇನೆ.

ಸಾವಿರದ ಒಂಬೈನೂರ ಮೂವತ್ತೈದರಲ್ಲಿ ನಾನು ಥಾರ್ನ್‌ಲಿ ಬಂಗಲೆಯಲ್ಲಿ ಎರಡನೆಯ ಪರಿಚಾರಕನಾಗಿದ್ದೆ. ನನ್ನ ಹೆಸರು ಜೇಮ್ಸ್. ಹೌದು, ಸಿರಿಲ್ ಅಲ್ಲ. ಎರಡನೆಯ ಪರಿಚಾರಕ ಯಾರೇ ಬಂದರೂ ಜೇಮ್ಸ್, ಮೊದಲನೆಯವನು ಚಾರ್ಲ್ಸ್, ಮೂರನೆಯ ಕೆಲಸದ ಹುಡುಗಿ ಎಮ್ಮಾ. ಆಳು ಬದಲಾದರೂ ಹೆಸರು ಬದಲಾಗುತ್ತಿರಲಿಲ್ಲ. ಒಡೆಯರಿಗೆ ಹೊಸ ಹೆಸರು ಕಲಿಯುವ ತೊಂದರೆ ಏಕೆ? ಆಗಿನ ಎಮ್ಮಾ ಹದಿನೇಳರವಳು. ಮೆಟ್ಟಿಲು ಉಜ್ಜುವಾಗ ಸಣ್ಣಗೆ ಸಿಳ್ಳೆ ಹಾಕುತ್ತಿದ್ದಳು. ಚಾರ್ಲ್ಸ್ ಸಿಕ್ಕಿದರೂ ನಾನು ಸಿಕ್ಕಿದರೂ "ಏನ್ ಗೊಂಬೆಗಳಾ, ಬಟನ್ ಉಜ್ಜಿದ್ದಾಯ್ತಾ?" ಎಂದು ರೇಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಬಂಗಲೆಯ ಒಡತಿ ಉಡುಪಿಗೆ ಚುಚ್ಚಿಕೊಳ್ಳುವ ಮುತ್ತಿನ ಬ್ರೂಚ್ ಕಾಣೆಯಾಯಿತು. ಆಗ ಮಹಡಿಯ ಕಾರಿಡಾರಿನಲ್ಲಿ ಇದ್ದವಳು ಎಮ್ಮಾ ಒಬ್ಬಳೇ ಎಂದರು. ಆಳುಗಳ ಮುಖ್ಯಸ್ಥರಾದ ಬಟ್ಲರ್ ಪೆಟಿಫರ್ ಅವರು ನಮ್ಮನ್ನೆಲ್ಲ ಅಡುಗೆಮನೆಯಲ್ಲಿ ಸಾಲಾಗಿ ನಿಲ್ಲಿಸಿದರು.

"ಒಡತಿ ಕೋಣೆಯಿಂದ ಯಾರೋ ಬಂದ್ರು ಸಾರ್," ಎಂದಳು ಎಮ್ಮಾ. "ಬೂಟಿನ ಸದ್ದು ಕೇಳ್ತು."

"ಯಾರದು?"

"ನಾನೆಂಗೆ ನೋಡ್ಲಿ? ಗೋಡೆಗೆ ತಿರುಗಿ ನಿಂತ್ಕೋ ಅಂತ ನೀವೇ ಕಲಿಸಿದ್ದಲ್ವಾ. ಆದ್ರೆ ನನ್ ಬೆನ್ ಹಿಂದೆ ಇನ್ನೊಬ್ರಿದ್ರು. ಟ್ರೇ ಮೇಲೆ ಕಪ್ಪು ಅಲುಗಾಡಿದ್ದು ಕೇಳ್ತು. ಅವರು ನೋಡಿರ್ತಾರೆ, ಕೇಳಿ ಸಾರ್."

ಟ್ರೇ ಹೊರುತ್ತಿದ್ದವರು ಇಬ್ಬರೇ. ಪೆಟಿಫರ್ ಅವರು ಚಾರ್ಲ್ಸನನ್ನು ಕೇಳಿದರು. ಅವನು ನಿಜವಾಗಿಯೂ ಕೆಳಗಿದ್ದ. ಆಮೇಲೆ ನನ್ನ ಮುಂದೆ ಬಂದರು.

"ಜೇಮ್ಸ್, ನೀನು ಮೇಲಿದ್ಯೇನಪ್ಪಾ?"

"ಇಲ್ಲ ಸಾರ್. ಬೆಳ್ಳಿ ಪಾತ್ರೆ ಉಜ್ತಾ ಇದ್ದೆ."

ಎಮ್ಮಾ ನಮ್ಮಿಬ್ಬರ ಮುಖವನ್ನೂ ನೋಡಿದಳು. ಇಬ್ಬರಲ್ಲಿ ಸುಳ್ಳುಗಾರ ಯಾರೆಂದು ಅವಳಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಪೆಟ್ಟಿಗೆ ಹಿಂಬಾಗಿಲ ಹೊರಗಿತ್ತು. ಒಳ್ಳೆಯ ನಡತೆಯ ಪತ್ರ ಕೊಡಲಿಲ್ಲ. ಆ ಪತ್ರವಿಲ್ಲದೆ ಈ ಯಾರ್ಕ್‌ಷೈರಿನಲ್ಲಿ ಯಾವ ಮನೆಯೂ ಒಳಗೆ ಬಿಡುತ್ತಿರಲಿಲ್ಲ. ನನಗೂ ಅದೇ ಭಯ. ಬಾಯಿ ಬಿಟ್ಟಿದ್ದರೆ ಎರಡು ಪೆಟ್ಟಿಗೆ ಹೊರಗಿರುತ್ತಿದ್ದವು. ಮುಂದಿನ ಈಸ್ಟರ್ ಹಬ್ಬಕ್ಕೆ ಬಡ್ತಿ ಸಿಕ್ಕಿ ನಾನು ಚಾರ್ಲ್ಸ್ ಆದೆ.

ಮೂವತ್ತೊಂಬತ್ತು ವರ್ಷಗಳ ನಂತರ ಅದೇ ಬಂಗಲೆಗೆ ಟೆಲಿವಿಷನ್ನಿನವರು ಬಂದರು. ನಾನು ಅವರ ಸಲಹೆಗಾರ. ಏಳನೆಯ ಕಂತಿನಲ್ಲಿ ಕೆಲಸದ ಹುಡುಗಿ ಎಲ್ಲರೆದುರು ಕೈ ತೋರಿಸಿ 'ಇವರನ್ನು ನಾನು ಕಂಡೆ' ಎನ್ನಬೇಕಿತ್ತು. ನಾನು ನಿರ್ದೇಶಕಿಗೆ ಹೇಳಿದೆ, ಅವಳು ಕಂಡಿರಲು ಸಾಧ್ಯವಿಲ್ಲ ಮೇಡಂ, ಗೋಡೆಗೆ ತಿರುಗಿರುತ್ತಾಳೆ. ಆಕೆಗೆ ಖುಷಿಯೋ ಖುಷಿ. ಹುಡುಗಿಯ ಮಾತನ್ನೆಲ್ಲ ಹೊಡೆದುಹಾಕಿ, ಲಾರ್ಡ್ ಕ್ವೆಂಟಿನ್ ಚುಟ್ಟದ ಬೂದಿ ನೋಡಿ ಕಳ್ಳನನ್ನು ಕಂಡುಹಿಡಿದಂತೆ ಮಾಡಿದರು. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ ನಾನು? ಹಿಂದಿನಿಂದ ಒಂದು ಕಪ್ಪು ಅಲುಗಾಡುವ ಸದ್ದಿರಲಿ, ನಿಜವೆನಿಸುತ್ತದೆ ಎಂದೆ. ಏಕೆ ಹೇಳಿದೆನೋ ಇಂದಿಗೂ ಗೊತ್ತಿಲ್ಲ.

ತನ್ನ ಸಂಭಾಷಣೆ ಕಳೆದುಕೊಂಡ ಆ ಪುಟ್ಟ ನಟಿ ನನ್ನ ಹತ್ತಿರ ಬಂದು ಕೇಳಿದಳು, "ಕಪ್ಪಿನ ಸದ್ದಾಯ್ತು ಅಂದ್ರೆ ಅಲ್ಲಿ ಇನ್ನೊಬ್ಬ ಇದ್ದ ಅಂತಾಯ್ತಲ್ಲ ಸರ್. ಅವ್ನ್ಯಾಕೆ ಬಾಯಿ ಬಿಡಲ್ಲ?"

"ಆಳುಗಳು ಬಾಯಿ ಬಿಡಲ್ಲಮ್ಮ."

"ಹಂಗಾದ್ರೆ ಅವ್ನೂ ಕಳ್ಳನೇ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಕಂತು ಬಂದ ಭಾನುವಾರ ಸಂಜೆ ದೇಶಕ್ಕೆ ದೇಶವೇ ಟೀ ಕುಡಿಯುತ್ತ ನೋಡಿತು. ದೊಡ್ಡ ಮನೆಯಲ್ಲಿ ಅನ್ಯಾಯವಾದರೆ ಇನ್ನೊಬ್ಬ ದೊಡ್ಡ ಮನೆಯವನು ಬಂದು ಸರಿಮಾಡುತ್ತಾನೆ, ಬಡ ಹುಡುಗಿಯ ಕಣ್ಣೊರೆಸುತ್ತಾನೆ. ಎಂಥ ಹಿತವಾದ ಸುಳ್ಳು! ಥಾರ್ನ್‌ಲಿಗೆ ಯಾವ ಲಾರ್ಡೂ ಬರಲಿಲ್ಲ, ಸ್ವಾಮಿ. ಪೊಲೀಸರನ್ನೂ ಕರೆಸಲಿಲ್ಲ, ಮನೆತನದ ಮರ್ಯಾದೆ ನೋಡಿ.

ವಾರ ಕಳೆದ ಮೇಲೆ ನನಗೊಂದು ಕಾಗದ ಬಂತು. ಕೀತ್ಲಿಯಿಂದ, ಡಾರ್ಕಸ್ ಹೋಲ್ರಾಯ್ಡ್ ಎಂಬವರದು. ಯಾರೋ ಅಭಿಮಾನಿ ಎಂದುಕೊಂಡೆ. ಅದು ನನಗೆ ಬಾಯಿಪಾಠವಾಗಿದೆ. "ಜೇಮ್ಸ್, ನಲವತ್ತು ವರ್ಷ ಮಿಲ್ಲಿನಲ್ಲಿ ದುಡಿದು ನನ್ನ ಕಿವಿ ಮಂದವಾಗಿದೆ, ಟಿ.ವಿ. ದೊಡ್ಡದಾಗಿ ಹಾಕುತ್ತೇನೆ. ಕಪ್ಪಿನ ಸದ್ದು ಕೇಳಿಸಿತು. ಕೊನೆಯಲ್ಲಿ ಸಲಹೆಗಾರನೆಂದು ನಿನ್ನ ಹೆಸರೂ ಬಂತು, ಪತ್ರಿಕೆಯ ಫೋಟೊದಲ್ಲಿ ನಿನ್ನ ಗುರುತೂ ಸಿಕ್ಕಿತು. ಇಷ್ಟು ವರ್ಷ ಪಾಪ ಚಾರ್ಲ್ಸನನ್ನು ಶಪಿಸಿದೆ. ಉತ್ತರ ಬೇಡ. ಎಮ್ಮಾ ನನ್ನ ಹೆಸರಲ್ಲ, ಅದನ್ನು ತಿಳಿಸಲು ಬರೆದೆ."

ಉತ್ತರ ಬೇಡವೆಂದಳು, ನಾನೂ ಬರೆಯಲಿಲ್ಲ. ವಿಧೇಯ ಆಳಲ್ಲವೇ? ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳೆಂದು ಮಗಳು ಹಾಕಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ನನ್ನನ್ನು ಕ್ಷಮಿಸಬಲ್ಲವಳು ಅವಳೊಬ್ಬಳೇ ಇದ್ದಳು.

ಐವತ್ತೊಂದು ವರ್ಷ ತಡವಾಗಿ ಪೆಟಿಫರ್ ಅವರ ಪ್ರಶ್ನೆಗೆ ಈಗ ಉತ್ತರಿಸುತ್ತೇನೆ. ಹೌದು ಸಾರ್, ನಾನು ಮೇಲಿದ್ದೆ. ಒಡತಿಯ ಕೋಣೆಯಿಂದ ಅವರ ಮಗ ಹೊರಬಂದರು. ಬ್ರೂಚ್ ಅವರ ಬಲಗೈಯಲ್ಲಿತ್ತು, ವೇಸ್ಟ್‌ಕೋಟಿನ ಕಿಸೆಗೆ ಹಾಕಿಕೊಂಡರು. ನನ್ನನ್ನು ಕಂಡರು, ಕುರ್ಚಿಯನ್ನು ಕಂಡ ಹಾಗೆ. ಅವಸರವೂ ಪಡಲಿಲ್ಲ. ನಾನು ಹೇಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅಲ್ಲವೇ ಸರ್ ರೋಲಂಡ್?

ಶ್ರೀಮತಿ ಹೋಪ್, ಗಂಟೆ ಬಾರಿಸಬೇಡಿ, ಮುಗಿಸುತ್ತಿದ್ದೇನೆ. ತಟ್ಟೆ ಮೇಜಿನ ಮೇಲೇ ಇರಲಿ. ಕೊಡಲೇಬೇಕೆಂದಿದ್ದರೆ ಅದರ ಮೇಲೆ ಡಾರ್ಕಸ್ ಹೋಲ್ರಾಯ್ಡ್ ಎಂದು ಕೆತ್ತಿಸಿ, ಕೀತ್ಲಿಯಲ್ಲಿರುವ ಆಕೆಯ ಮಗಳಿಗೆ ಕಳಿಸಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ, ನಿಮ್ಮೆಲ್ಲರಿಗೂ ಋಣಿ. ಅಧ್ಯಕ್ಷರಿಗೂ ವಂದನೆ ಹೇಳಬೇಕು. ಆದರೆ ಅವರು ಕುರ್ಚಿ ತಿರುಗಿಸಿಕೊಂಡು ಆಗಿನಿಂದ ಗೋಡೆಯನ್ನೇ ನೋಡುತ್ತಿದ್ದಾರೆ. ನೋಡಲಿ ಬಿಡಿ.

ನಮಸ್ಕಾರ.