ಮುಚ್ಚಳ ತೆಗೆಯದ ತಟ್ಟೆ

ಆಸ್ಪತ್ರೆಯ ಔಷಧಿ ಸಾಲಿನಲ್ಲಿ ಕಾಲು ಸೋತು ನಿಂತಿದ್ದ ಅಜ್ಜಿಯೊಬ್ಬರ ಮುಂದೆಯೇ ರೋಗಿಯೊಬ್ಬರ ಮಗಳು ನರ್ಸಮ್ಮನನ್ನು ಅಡ್ಡಗಟ್ಟಿದಳು.

"ಇವತ್ತು ಬಂದು ನೋಡಿದ್ರೆ, ಮೂರು ದಿನದಿಂದ ಚಾರ್ಟಲ್ಲಿ 'ಊಟ ಬೇಡವೆಂದರು' ಅಂತ ಬರೆದಿದ್ದೀರಿ. ನಮ್ಮಪ್ಪ ಹಾಗಂದ್ರಾ?"

"ಅನ್ನೋದೇನಮ್ಮ, ತಟ್ಟೆ ಇಟ್ಟಿದ್ದು ಇಟ್ಟ ಹಾಗೇ ಇರುತ್ತೆ."

"ಇಟ್ಟಿದ್ದೀವಿ ಅಂತ ಬಾಯಿಬಿಟ್ಟು ಹೇಳಿದ್ರಾ?"

"ಎದುರಿಗೇ ಇಡ್ತೀವಲ್ಲ!"

"ಅವರಿಗೆ ಕಣ್ಣು ಕಾಣಲ್ಲ. ನೀವೇ ಬೋರ್ಡ್ ಬರೆದು ತಲೆದೆಸೆಗೆ ತೂಗುಹಾಕಿದ್ದೀರಿ."

"ನಲವತ್ತು ಹಾಸಿಗೆಗೆ ನಾನೊಬ್ಬಳು. ನನಗೇನು ಹತ್ತು ಕೈ ಇದೆಯಾ?"

"ಕೈ ಯಾರು ಕೇಳಿದ್ರು? 'ತಾತ, ಊಟ ಬಂತು' ಅನ್ನೋಕೆ ಒಂದು ಬಾಯಿ ಸಾಕು."

"ಅವರಾದ್ರೂ ಕೇಳಬಹುದಿತ್ತಲ್ಲ?"

"ಇಲ್ಲಿ ಊಟಾನೇ ಕೊಡಲ್ಲ ಅಂದ್ಕೊಂಡು ನೀರು ಕುಡಿದು ಮಲಗ್ತಿದ್ದಾರೆ!"

ಅಷ್ಟರಲ್ಲಿ ತಟ್ಟೆಗಳ ಗಾಡಿ ವಾರ್ಡಿನಿಂದ ಹೊರಬಂತು. ಮೇಲಿನ ತಟ್ಟೆಯ ಮುಚ್ಚಳ ತೆಗೆದೇ ಇರಲಿಲ್ಲ. ಅದು ಅಜ್ಜಿಗೂ ಕಂಡಿತು.

"ಏಯ್, ಗಾಡಿ ನಿಲ್ಸಪ್ಪಾ!" ಎಂದು ಕೂಗುತ್ತ ನರ್ಸಮ್ಮ ಓಡಿದಳು. ಮಗಳೂ ಹಿಂದೆಯೇ ಓಡಿದಳು.