ನಲವತ್ತಮೂರು ಹೆಸರು, ಒಂದು ಪ್ರಿಂಟರು

ಏ, ಏ, ಹಾಗೆ ಎಳೀಬೇಡ! ಮೇಜಿಗೆ ಗೀರು ಬೀಳುತ್ತೆ. ದಿನಾ ಬೆಳಿಗ್ಗೆ ನಾನೇ ಒರೆಸೋ ಮೇಜು ಅದು. ಎತ್ತಿ ಇಡು... ಹಾಂ, ಹಾಗೆ. ಅಲ್ಲ, ಪ್ರಿಂಟರು ರಿಪೇರಿಗೆ ಯಾರನ್ನೋ ಕಳಿಸ್ತೀವಿ ಅಂದ್ರು ಅಂಗಡಿಯವರು. ಬಾಗಿಲು ತೆಗೆದ್ರೆ ನೀನು! ನಾಲ್ಕನೇ ಕ್ಲಾಸು, ಮೂರನೇ ಬೆಂಚು, ಕಿಟಕಿ ಪಕ್ಕ. ಗುಬ್ಬಿಕಾಲು! ಯಾಕೆ ನಗ್ತೀಯ? ಆ ಹೆಸರಿಟ್ಟವಳೇ ನಾನು, ಮರೀತೀನಾ? ಕಾಗೆ ಕಾಲು ಗುಬ್ಬಿ ಕಾಲು ಬರೀತಿದ್ದವಳು ಈಗ ಊರಿನ ಪ್ರಿಂಟರುಗಳಿಗೆಲ್ಲ ಅಕ್ಷರ ತಿದ್ದಿಸ್ತಾಳೆ. ಕಾಲ!

ಇಲ್ಲಪ್ಪ, ಬೈಯೋಕೆ ಹೇಳ್ತಿಲ್ಲ. ಸಂತೋಷಕ್ಕೇ ಹೇಳ್ತಿದ್ದೀನಿ. ನೀನು ನನ್ನ ಸಂತೋಷ ನೋಡಿಲ್ಲ, ಅದಕ್ಕೆ ಗುರುತು ಸಿಗ್ತಿಲ್ಲ.

ಕೂತ್ಕೋ. ಆ ಕುರ್ಚಿ ಬೇಡ, ಅದು ಅಲ್ಲಾಡುತ್ತೆ. ಈ ಕುರ್ಚಿ. ಕಾಫಿ ಮಾಡಿಟ್ಟಿದ್ದೀನಿ, ಅಡುಗೆಮನೆಯಲ್ಲಿ ಫ್ಲಾಸ್ಕಿನಲ್ಲಿದೆ, ನೀನೇ ಬಗ್ಗಿಸ್ಕೋ... ಏನು ಹಾಗೆ ನೋಡ್ತೀಯ? ಮನೆಗೆ ಬಂದವರಿಗೆ ನೀವೇ ತಗೊಳ್ಳಿ ಅನ್ನೋ ಜಾತಿ ನಾನಲ್ಲ ಅಂತಾನಾ? ನಿಜ, ಅಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಪ್ಪಿನ ಹಿಡಿ ಅತಿಥಿಯ ಬಲಗಡೆಗೆ ತಿರುಗಿರಬೇಕು ಅಂತ ಕಲಿಸಿದ್ರು, ಇವತ್ತಿಗೂ ಹಾಗೇ ಇಡ್ತೀನಿ. ಇಡ್ತಿದ್ದೆ. ಆದ್ರೆ ನೀನು ಅತಿಥಿ ಅಲ್ಲ, ಶಿಷ್ಯೆ. ಹೋಗು, ಬಗ್ಗಿಸ್ಕೋ. ನನಗೆ ಬೇಡ. ಆಮೇಲೆ ಕುಡೀತೀನಿ, ನೀನು ಹೋದ ಮೇಲೆ.

ಬಂದೆಯಾ? ಸರಿ, ಕೇಳು. ಇದು ಬಂದು ನಾಲ್ಕು ದಿನ ಆಯ್ತು. ಪುಸ್ತಕ ಮೊದಲಿಂದ ಕೊನೇವರೆಗೆ ಓದಿದ್ದೀನಿ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ್ದೀನಿ. ನಾನು ಯಾವುದನ್ನೂ ಅರ್ಧ ಓದಿ ಕೈ ಹಚ್ಚೋಳಲ್ಲ. ಕಿತ್ತಳೆ ಬಣ್ಣದ ಟೇಪು ಎಲ್ಲೆಲ್ಲಿ ಅಂಟಿಸಿದ್ದಾರೋ ಎಲ್ಲ ತೆಗೆದೆ. ಒಟ್ಟು ಹನ್ನೊಂದು. ಎಣಿಸಿ, ಆ ಲಕೋಟೆಯೊಳಗೆ ಹಾಕಿಟ್ಟಿದ್ದೀನಿ. ಯಾಕೆ ಅಂದ್ರೆ? ಹತ್ತೇ ತೆಗೆದು ಒಂದು ಒಳಗೆ ಬಿಟ್ಟಿದ್ದೀರಾ ಅಂತ ನೀನು ಕೇಳಿದ್ರೆ ತೋರಿಸೋಕೆ! ನಗು, ನಗು. ಆಮೇಲೆ ಶಾಯಿ ತುಂಬಿದೆ. ನಾಲ್ಕು ಬಾಟ್ಲಿ, ನಾಲ್ಕು ಬಾಯಿ, ಬಣ್ಣಕ್ಕೆ ಬಣ್ಣ ನೋಡಿ...

ಅದು? ಅದೇನೂ ಇಲ್ಲ. ಸ್ವಲ್ಪ ಚೆಲ್ಲಿತು.

ಸ್ವಲ್ಪವೇ. ಗೋಡೆ ಮೇಲಿರೋದು ಹಳೇ ಕಲೆ. ಸರಿ, ನೀಲಿ ಹಳೇದಲ್ಲ. ಬೆಕ್ಕು ಬಂತು ಕಣೇ. ಪಕ್ಕದ ಮನೆಯವರ ಬೆಕ್ಕು. ನಾನು ಕರಿ ಬಾಟ್ಲಿ ಬಗ್ಗಿಸ್ತಿದ್ದೀನಿ, ಕಿಟಕಿಯಿಂದ ದಬಕ್ಕನೆ ಹಾರಿತು... ಜಾಲರಿನಾ? ಹೌದು, ಕಿಟಕಿಗೆ ಜಾಲರಿ ಇದೆ. ನಿನ್ನ ಕಣ್ಣು ಆಗ ಬೋರ್ಡಿನ ಮೇಲೆ ಇಷ್ಟು ಚುರುಕಾಗಿ ಓಡಿದ್ರೆ ಫಸ್ಟ್ ಬರ್ತಿದ್ದೆ. ಬಾಗಿಲಿನಿಂದ ಬಂತು ಅಂತ ಇಟ್ಕೋ. ಬೆಕ್ಕು ಬಂದಿದ್ದು ಮುಖ್ಯವಾ, ಶಾಯಿ ಚೆಲ್ಲಿದ್ದು ಮುಖ್ಯವಾ? ಬಾಟ್ಲಿಯೂ ಸರಿಯಿಲ್ಲ, ಬಾಯಿ ಅಷ್ಟು ಸಣ್ಣದು ಮಾಡಿದ್ರೆ ಯಾರ ಗುರಿ ನಿಲ್ಲುತ್ತೆ ಹೇಳು?

ಹಾಕು, ಸ್ವಿಚ್ ಹಾಕು, ನೀನೇ ಕೇಳು. ಕೇಳಿದೆಯಾ? ಠಕ್, ಠಕ್, ಠಕ್! ಬಾಗಿಲು ತೆಗೆಯದ ಮನೆ ಮುಂದೆ ನೆಂಟರು ನಿಂತ ಹಾಗೆ. ಒಳಗೆ ಶಾಯಿ ಹಾಕ್ತಾ ಓಡಾಡೋ ಆ ಗಾಡಿ ಬಲಕ್ಕೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತೆ, ಆಮೇಲೆ ಕೆಂಪು ದೀಪ. ಆಫ್ ಮಾಡು, ಮಾಡು, ನನಗೆ ತಲೆನೋವು ಬರುತ್ತೆ ಆ ಶಬ್ದಕ್ಕೆ.

ಮುಚ್ಚಳ ತೆಗೆದೆಯಾ? ನೋಡು, ಒಳಗೆ ಒಂದು ಹನಿ ಶಾಯಿ ಸಿಗುತ್ತಾ ನೋಡು! ಚೆಲ್ಲಿದ ಮೇಲೆ ಮೂಲೆ ಮೂಲೆ ಒರೆಸಿದ್ದೀನಿ, ಕಿವಿ ಕಡ್ಡಿಗೆ ಹತ್ತಿ ಸುತ್ತಿ. ಹಾಂ, ಅದೇ, ಆ ಉದ್ದನೆ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೂ ಸಿಡಿದಿತ್ತು. ಶಾಯಿ ಹೋಯ್ತು, ಆದ್ರೆ ಅಡಿಯಲ್ಲಿ ಬೂದು ಬಣ್ಣದ ಒಂದು ಕೊಳೆ ಕಣೇ, ಪಟ್ಟಿ ಉದ್ದಕ್ಕೂ! ಹೊಸ ಯಂತ್ರಕ್ಕೆ ಅಷ್ಟು ಕೊಳೆ ಹೇಗೆ ಬರುತ್ತೆ? ಅಂಗಡಿಯವರು ಯಾರೋ ವಾಪಸ್ ಕೊಟ್ಟಿದ್ದನ್ನ ನನ್ನ ತಲೆಗೆ ಕಟ್ಟಿದ್ದಾರೆ ಅಂದ್ಕೊಂಡೆ. ಬಿಡ್ತೀನಾ? ಸ್ಪಿರಿಟ್ ತಂದು ಉಜ್ಜಿದೆ. ಮುಕ್ಕಾಲು ಗಂಟೆ ಉಜ್ಜಿದೆ. ಈಗ ನೋಡು, ಗಾಜಿನ ಹಾಗೆ!

ಯಾಕೆ ತಲೆ ಮೇಲೆ ಕೈ ಇಟ್ಕೊಂಡೆ?

ಕೊಳೆ ಅಲ್ವಾ? ಗೆರೆಗಳಾ? ಆ ಬೂದು ಬಣ್ಣ ಪೂರ್ತಿ? ಅಷ್ಟು ಸಣ್ಣ ಗೆರೆಗಳಾ! ಅದನ್ನ ನೋಡಿಕೊಂಡೇ ಗಾಡಿಗೆ ತಾನು ಎಲ್ಲಿದ್ದೀನಿ ಅಂತ ಗೊತ್ತಾಗೋದಾ... ಅಯ್ಯೋ. ಅಂದ್ರೆ ಗೆರೆ ಹಾಕಿದ ಕಾಪಿ ಪುಸ್ತಕದಿಂದ ನಾನು ಗೆರೇನೇ ಅಳಿಸಿಬಿಟ್ಟೆ. ಪಾಪ, ಅದು ಗೋಡೆ ಸಿಗೋವರೆಗೂ ಓಡದೆ ಇನ್ನೇನು ಮಾಡುತ್ತೆ? ನಗಬೇಡ ಅಂದೆ! ಬಾಯಿ ಮುಚ್ಚಿಕೊಂಡು ನಗೋದೂ ನಗೋದೇ. ಇಂಥದ್ದನ್ನ ಬೇರೆ ಯಾರೂ ಮಾಡಿಲ್ವಾ? ಹದಿನಾಲ್ಕು ವರ್ಷದ ಕೆಲಸದಲ್ಲಿ ಇದೇ ಮೊದಲಾ? ಸರಿ, ನಾನು ಎಲ್ಲದರಲ್ಲೂ ಮೊದಲು ಬಂದವಳೇ. ಇದರಲ್ಲೂ ಇರಲಿ.

ಬೇರೆ ಪಟ್ಟಿ ಇದೆಯಾ? ಚೀಲದಲ್ಲೇ? ಹಳೇ ಯಂತ್ರದಿಂದ ಬಿಚ್ಚಿದ್ದಾ? ಯಾರ ಮನೇದೋ ಏನೋ... ಬೇಡ, ಒರೆಸಲ್ಲ. ಮುಟ್ಟೋದೂ ಇಲ್ಲ. ಈ ಕಡೆ ಕೂತಿರ್ತೀನಿ, ನೀನು ಹಾಕು.

ಆತುರ ಅಂದ್ರೆ... ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇವೆಲ್ಲ ಶಾಲೆಗೆ ಹೋಗಬೇಕು. ಪ್ರಶಸ್ತಿ ಪತ್ರ. ನಲವತ್ತಮೂರು ಮಕ್ಕಳು. ರಿಟೈರ್ ಆಗಿ ಒಂಬತ್ತು ವರ್ಷ ಆದ್ರೂ ಹೆಸರು ನಾನೇ ಬರೀಬೇಕು ಅಂತ ಹೆಡ್‌ಮಿಸ್ ಈಗಲೂ ಮನೆಗೆ ಕಳಿಸ್ತಾಳೆ. ನಿನಗೆ ಗೊತ್ತಲ್ಲ, ನಮ್ಮ ಶಾಲೆ ಮಕ್ಕಳು ಆ ಪತ್ರ ಕೈಗೆ ಬಂದ ತಕ್ಷಣ ಮೊದಲು ನೋಡೋದು ಬಹುಮಾನ ಯಾವುದು ಅಂತ ಅಲ್ಲ, ತಮ್ಮ ಹೆಸರು ನನ್ನ ಕೈಯಲ್ಲಿ ಹೇಗೆ ಬಂದಿದೆ ಅಂತ. ವೇದಿಕೆ ಮೇಲೆ ಮೈಕಿನಲ್ಲಿ ಬೇರೆ ಹೇಳ್ತಾರೆ, ಪ್ರತಿಯೊಂದು ಹೆಸರನ್ನೂ ನಮ್ಮ ಟೀಚರ್ ತಮ್ಮ ಕೈಯಾರೆ... ಆ ಸ್ಕ್ರೂ ಬಿತ್ತು ನೋಡು, ನಿನ್ನ ಕಾಲ ಹತ್ತಿರ.

ಹಾಂ? ಪ್ರಿಂಟರು ಯಾಕೆ ಅಂದ್ರೆ? ಬಾರ್ಡರಿಗೆ. ಸುತ್ತ ಬಳ್ಳಿ ಬಿಡಿಸಿದ ಹಾಗೆ ಒಂದು ಬಾರ್ಡರು, ಅಷ್ಟೇ. ಹೆಸರು ನಾನೇ ಬರೀತೀನಿ. ಹೆಸರನ್ನ ಯಂತ್ರಕ್ಕೆ ಕೊಡ್ತೀನಾ! ಒಂದೇ ಚಿಂತೆ, ಗೆರೆ ಮೇಲೆ ಸರಿಯಾಗಿ ಕೂರುತ್ತಾ ಅಂತ. ಚುಕ್ಕಿ ಗೆರೆಗಿಂತ ಒಂದು ಕೂದಲೆಳೆ ಮೇಲೆ ಬಂದ್ರೂ ಅಸಹ್ಯ. ಅಲ್ಲ, ಬಾರ್ಡರು! ಬಾರ್ಡರು ಗೆರೆ ಮೇಲೆ ಕೂರಬೇಕು. ಆ ಕಾರ್ಡು ಇಡು ಅಲ್ಲಿ, ಕೈಯಲ್ಲಿ ಗ್ರೀಸು ಇದೆ ನಿನಗೆ. ಹೌದು, ಇದೆ, ಬಾರ್ಡರು ಆಗಲೇ ಇದೆ, ನನಗೂ ಕಾಣುತ್ತೆ. ಅದು ಹೊರಗಿನ ಬಾರ್ಡರು. ಇದು ಒಳಗಿನದು. ನಿನ್ನ ಕೆಲಸ ನೀನು ನೋಡು.

ಓಹೋ! ಠಕ್ ಅನ್ನಲಿಲ್ಲ! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಾಡ್ತಿದೆ. ಪರವಾಗಿಲ್ಲ ಕಣೇ, ಕೈಯಲ್ಲಿ ಗುಣ ಇದೆ ನಿನಗೆ. ಇದೇನು ಪುಟ? ಪರೀಕ್ಷೆಯ ಪುಟವಾ? ಕರಿ ಸರಿ ಇದೆ. ನೀಲಿಯಲ್ಲಿ ಎರಡು ಕಡೆ ಗೆರೆ ತುಂಡಾಗಿದೆ ನೋಡು. ಕನ್ನಡಕ ಇಲ್ಲದೆಯೇ ಕಂಡಿತು ನನಗೆ, ಕಣ್ಣು ಗಟ್ಟಿ ಇದೆ ಇನ್ನೂ. ಕ್ಲೀನಿಂಗ್ ಒಂದು ಸಲ ಒತ್ತು. ಪುಸ್ತಕದಲ್ಲಿ ಓದಿದ್ದೀನಿ, ಒಂದು ಸಲ ಮಾಡಿ ನೋಡಬೇಕು, ಸುಮ್ಮನೆ ಹತ್ತು ಸಲ ಮಾಡಿ ಶಾಯಿ ಕುಡಿಸಬಾರದು. ಈಗ? ಈಗ ಸರಿ. ನೂರಕ್ಕೆ ತೊಂಬತ್ತೆಂಟು. ಎರಡು ಯಾಕೆ ಕಳೆದೆ ಅಂದ್ರೆ, ನಾನು ಯಾರಿಗೂ ನೂರು ಕೊಟ್ಟಿಲ್ಲ.

ವೈಫೈ ನಾನೇ ಹಾಕೋಕೆ ನೋಡಿದೆ. ಏಳು ಸಲ. ತಪ್ಪು, ತಪ್ಪು, ತಪ್ಪು ಅಂತಲೇ ಹೇಳುತ್ತೆ, ನನಗೇ! ಪಾಸ್‌ವರ್ಡು ಡೈರಿಯಲ್ಲಿದೆ, ಸರಿಯಾಗೇ ಇದೆ. ಆ ಪುಟ್ಟ ಪರದೆ ಕೆಟ್ಟಿದೆ ಅನ್ಸುತ್ತೆ. ಒಂದು ಸಲ ಮುಟ್ಟಿದ್ರೆ ಅಕ್ಷರ ಎರಡು ಸಲ, ಮೂರು ಸಲ ಬೀಳುತ್ತೆ. ಅದನ್ನೂ ನೋಡಿಬಿಡು. ಏನು, ನೀನು ಒತ್ತಿದ್ರೆ ಒಂದೇ ಬೀಳ್ತಿದೆಯಾ? ನಿನ್ನನ್ನ ಕಂಡ್ರೆ ಹೆದರಿಕೆ ಅದಕ್ಕೆ.

ಸೇರಿಕೊಂಡಿತಾ? ಶಭಾಷ್! ಹಾಗಾದ್ರೆ ಮುಗೀತು. ನೀನು ಹೊರಡು, ನಿನಗೂ ಬೇರೆ ಮನೆಗಳಿರ್ತವೆ... ಇದೇನು? ಯಾಕೆ ಶಬ್ದ ಮಾಡ್ತಿದೆ? ನಾನು ಏನೂ ಒತ್ತಲಿಲ್ವಲ್ಲ! ಹಳೇದಾ? ಆವತ್ತಿನಿಂದ ಲ್ಯಾಪ್‌ಟಾಪಿನಲ್ಲಿ ಒತ್ತಿದ್ದೆಲ್ಲ ಸಾಲಾಗಿ ಕಾದು ಕೂತಿತ್ತಾ? ಯಾರು ಹೇಳಿದ್ರು ಅದಕ್ಕೆ ಕಾಯಿ ಅಂತ! ನಿಲ್ಲಿಸು. ನಿಲ್ಲಿಸೇ, ಹೆಚ್ಚಿಗೆ ಕಳಿಸಿದ ಕಾರ್ಡೆಲ್ಲ ಸುಮ್ಮನೆ ಹಾಳು. ತೆಗೀಬೇಡ! ಅಲ್ಲೇ ಇರಲಿ, ಶಾಯಿ ಹಸಿ ಇರುತ್ತೆ, ನಾನು ಆಮೇಲೆ...

ಓದಿದೆಯಾ.

ಹೂಂ. ಒಂದು ಹುಡುಗಿಯ ಹೆಸರು. ಪಟ್ಟಿಯಲ್ಲಿ ಮೊದಲನೇದು. ಒತ್ತಿದಾಗ ಬರಲಿಲ್ಲ, ಮತ್ತೆ ಒತ್ತಿದೆ, ಮತ್ತೆ ಬರಲಿಲ್ಲ. ಎಷ್ಟಾಯ್ತು? ಒಂಬತ್ತಾ? ಹೌದು, ನನ್ನದೇ ಅಕ್ಷರ. ನೋಡಿದ ತಕ್ಷಣ ಗುರುತು ಹಿಡಿದೆಯಲ್ಲ, ಭೇಷ್. ನಮ್ಮಣ್ಣನ ಮಗಳು ಮಾಡಿಕೊಟ್ಟಳು. ನನ್ನ ಹಳೇ ಕಾಗದಗಳನ್ನೆಲ್ಲ ಫೋಟೋ ತೆಗೆದು, ಒಂದೊಂದೇ ಅಕ್ಷರ ಬಿಡಿಸಿ, ಕಂಪ್ಯೂಟರಿಗೆ ಕಲಿಸಿದ್ದಾಳೆ. ಸುಮ್ಮನೆ, ತಮಾಷೆಗೆ. ಈಗಿನ ಮಕ್ಕಳಿಗೆ ಏನೇನೋ ಬರುತ್ತೆ. ಗೆರೆ ಮೇಲೆ ಕೂತಿದೆ ಅಲ್ವಾ? ಬಾಲಗಳು ನೋಡು, ಎಲ್ಲ ಒಂದೇ ಕಡೆ ಬಾಗಿವೆ. ಚೆನ್ನಾಗಿಲ್ವಾ?



ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡೀತಿದ್ದೀಯಾ... ಒಂಬತ್ತೂ ಒಂದೇ. ಗೊತ್ತು ನನಗೆ. ಕೈಯಲ್ಲಿ ಬರೆದಿದ್ರೆ ಎರಡು ಸಲ ಒಂದೇ ಥರ ಬರಲ್ಲ. ಆದ್ರೆ ಮಕ್ಕಳ ಮನೆಗೆ ಹೋಗೋದು ಒಂದೊಂದೇ ಪತ್ರ. ಯಾರು ಪಕ್ಕದಲ್ಲಿಟ್ಟು ನೋಡ್ತಾರೆ? ಅಷ್ಟೆಲ್ಲ ಯೋಚನೆ ಮಾಡಿಯೇ ಮಾಡಿದ್ದೀನಿ.

ಬೇರೆಯವರು ಯಾರಾದ್ರೂ ಆಗಿದ್ರೆ ನೋಡ್ತಲೂ ಇರಲಿಲ್ಲ. ನಿನ್ನನ್ನೇ ಕಳಿಸಬೇಕಾ ಆ ಅಂಗಡಿಯವರು!

ಇದೇನು? ಸಹಿನಾ? ರಿಪೇರಿ ಆಯ್ತು ಅಂತ ನಾನು ಬಾಯಲ್ಲಿ ಹೇಳಿದ್ರೆ ಸಾಲದಾ? ಫೋನ್ ಮಾಡಿ ಹೇಳ್ತೀನಿ ಅವರಿಗೆ. ಇಲ್ಲಾಂದ್ರೆ ಅಲ್ಲಿಟ್ಟು ಹೋಗು, ಸಂಜೆ ನಿಧಾನಕ್ಕೆ ಹಾಕಿ... ಬೇಕೇ ಬೇಕಾ. ಕನ್ನಡಕ ಎಲ್ಲಿಟ್ಟೆನೋ.

ಸರಿ, ಈಗ ತಾನೇ ಹೇಳಿದೆ, ಕಣ್ಣು ಗಟ್ಟಿ ಇದೆ ಅಂತ.

ಪೆನ್ನು ಹಾಗೆ ಚಾಚಿಕೊಂಡೇ ನಿಂತಿರ್ತೀಯಾ? ಎಲ್ಲಿ ನೋಡ್ತಿದ್ದೀಯ? ಶಾಲು ಚಳಿಗೆ ಕೈ ಮುಚ್ಚಿ ಹೊದ್ದಿರೋದು. ಸೆಕೆನಾ? ನನಗೆ ಚಳಿ. ಬೆವರು ಬಂದ್ರೆ ಬರಲಿ... ಅಯ್ಯೋ, ಏನಾದ್ರೂ ಕೇಳಬಾರದೇನೇ! ಕ್ಲಾಸಿನಲ್ಲಿ ನಿನ್ನ ಬಾಯಿ ಮುಚ್ಚಿಸೋಕೆ ನಾನು ಡಸ್ಟರ್ ಕುಟ್ಟಬೇಕಿತ್ತು.

ಎಂಟು ತಿಂಗಳಾಯ್ತು.

ಮೊದಲು ಹೆಬ್ಬೆರಳು ಮಾತ್ರ ನಡುಗೋದು. ಆಮೇಲೆ ಮಣಿಕಟ್ಟು. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಸಾಯೋ ಕಾಯಿಲೆ ಅಲ್ಲ ಅಂದ್ರು. ಬೆಕ್ಕು ಬಂದಿಲ್ಲ. ಪರದೆಯೂ ಕೆಟ್ಟಿಲ್ಲ. ಆ ಕಾಫಿ ನಾನು ಬಗ್ಗಿಸಿದ್ರೆ ಅರ್ಧ ಸಾಸರಿಗೆ, ಅರ್ಧ ನಿನ್ನ ಮೈಮೇಲೆ. ಯಾರಿಗೂ ಹೇಳಿಲ್ಲ. ಅಣ್ಣನ ಮಗಳಿಗೂ ಹೇಳಿಲ್ಲ, ತಮಾಷೆಗೆ ಬೇಕು ಅಂತಲೇ ಮಾಡಿಸಿಕೊಂಡೆ. ಈ ಸಲ ಕಾರ್ಡುಗಳು ಬಂದಾಗ ಕೂತೆ ಕಣೇ, ಬರೀಲಿಲ್ಲ ಅನ್ಕೋಬೇಡ. ಇದೇ ಮೇಜು, ಅದೇ ಪೆನ್ನು. ಮೊದಲನೇ ಹೆಸರಿನ ಮೊದಲನೇ ಅಕ್ಷರ... ಆ ಹುಡುಗಿ ಅದನ್ನ ನೋಡಿ ಏನಂದ್ಕೊಳ್ತಾಳೆ? ಟೀಚರಿಗೆ ನನ್ನ ಹೆಸರು ಅಂದ್ರೆ ಇಷ್ಟೇನಾ ಅಂದ್ಕೊಳ್ಳಲ್ವಾ? ಆ ಕಾರ್ಡು ಹರಿದು ಹಾಕಿದೆ. ಆಮೇಲೇ ಈ ಯಂತ್ರ ತರಿಸಿದ್ದು.

ಅಳಬೇಡ. ನಾನೇ ಅಳ್ತಿಲ್ಲ, ನಿನಗೇನು?

ನಾನೇ ಹೇಳ್ತೀನಿ ಬಿಡು ಹೆಡ್‌ಮಿಸ್‌ಗೆ. ನಾಳೆ ಕಾರ್ಡು ಕೊಡೋ ಹೊತ್ತಿಗೇ. ಅಕ್ಷರ ನನ್ನದು, ಬರೆದಿದ್ದು ಯಂತ್ರ. ಕೈಯಾರೆ ಅಂತ ಮೈಕಿನಲ್ಲಿ ಹೇಳಬೇಡಿ ಅಂತ. ಮುಂದಿನ ವರ್ಷ ಬೇರೆ ಯಾರನ್ನಾದ್ರೂ ನೋಡಿಕೊಳ್ಳಲಿ. ಅವಳು ಅಯ್ಯೋ ಪಾಪ ಅಂದ್ರೆ ಮಾತ್ರ ನನಗೆ ತಡೆಯೋಕಾಗಲ್ಲ. ನೀನು ಅನ್ನಲಿಲ್ಲ, ಒಳ್ಳೇದು.

ಬೇಡ, ಬೇಡ, ಆ ಪೆನ್ನು ಇಲ್ಲಿ ಕೊಡು. ನನ್ನ ಸಹಿ ನೀನು ಹಾಕೋದಾ? ಒಳ್ಳೇ ಕಥೆ! ಕುರ್ಚಿ ಸ್ವಲ್ಪ ಮುಂದಕ್ಕೆ ತಳ್ಳು. ಕಾಗದದ ಮೂಲೆ ಹಿಡ್ಕೋ, ಗಟ್ಟಿಯಾಗಿ. ಶಾಲು... ಶಾಲು ತೆಗೆದು ಆ ಕಡೆ ಹಾಕು.

ಮುಖ ತಿರುಗಿಸಬೇಡ. ನೋಡು.