ಮೊದಲ ಕುರ್ಚಿಯ ಇನ್ನಾಸಪ್ಪ

ಬನ್ನಿ, ಮುಂದಕ್ಕೆ ಸರೀರಿ. ಎಲೆಅಡಿಕೆ ಹಾಕೊಳ್ಳೋರು ಹಾಕೊಳ್ಳಿ, ತೂಕಡಿಸೋರು ಈಗಲೇ ಎದ್ದು ಹೋಗಿ. ಒಂದಾನೊಂದು ಸೀಮೇಲಿ, ಕಲ್ಲು ಮತ್ತೆ ಜಾಲಿಮುಳ್ಳು ಬಿಟ್ಟು ಬೇರೇನೂ ಬೆಳೀದ ಒಂದು ಊರಿತ್ತು. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಆ ಊರೋರು ನನ್ನ ಮೇಲೆ ಜಗಳಕ್ಕೆ ಬರ್ತಾರೆ.

ಆ ಊರಿಗೊಂದು ಚರ್ಚು, ಚರ್ಚಿಗೊಬ್ಬರು ಮುದುಕ ಸ್ವಾಮಿಗಳು. ಚಪ್ಪಲಿ ಹೊಲಿಯೋನೂ ಊರಿಗೆಲ್ಲ ಒಬ್ಬನೇ, ಇನ್ನಾಸಪ್ಪ. ಕೈಯೇನೋ ಒಳ್ಳೇ ಕೈ. ಅವನು ಹೊಲಿದ ಚಪ್ಪಲಿ ಮೆಟ್ಟಿದರೆ ಮುಳ್ಳು ಮುರೀಬೇಕೇ ಹೊರತು ಕಾಲಿಗೆ ಚುಚ್ಚುತ್ತಿರಲಿಲ್ಲ.

ಆದರೆ ಅವನಿಗೊಂದು ಹುಚ್ಚು ಹಿಡಿದಿತ್ತು. ಏನು ಅಂತೀರಾ? ಪವಿತ್ರ ಗುರುವಾರದ ಸಂಜೆ ಸ್ವಾಮಿಗಳು ಹನ್ನೆರಡು ಜನರನ್ನ ಕೂರಿಸಿ ಕಾಲು ತೊಳೀತಾರಲ್ಲ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಹಾಗೆ? ಅದರಲ್ಲಿ ಮೊದಲ ಕುರ್ಚಿ ಊರಿನ ದೊಡ್ಡ ಭಕ್ತನಿಗೆ ಅಂತ ವಾಡಿಕೆ. ಭಕ್ತಿಯನ್ನ ಅಳೆದೋರು ಯಾರೋ! ಹದಿನೈದು ವರ್ಷದಿಂದ ಇನ್ನಾಸಪ್ಪ ಆ ಕುರ್ಚಿ ನೋಡಿ ಜೊಲ್ಲು ಸುರಿಸಿದ್ದ. ಈ ಸಲ ಬಿಡಬಾರದು ಅಂತ ಹಟ ತೊಟ್ಟ.

ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಯ್ತು. ಹೊಲಿಯೋ ದಬ್ಬಣವನ್ನ ಗೂಡಲ್ಲಿಟ್ಟ, ಜಪಸರ ಹಿಡಿದು ಜಗುಲಿ ಮೇಲೆ ಕೂತ. ಒಳಗೆ ಕೂತರೆ ಯಾರು ನೋಡ್ತಾರೆ? ಬೀದೀಲಿ ಜನ ಬಂದರೆ ಜಪ ಜೋರು. ಜನ ಹೋದರೆ ಜಪ ಮೆಲ್ಲಗೆ. ನಾಯಿ ಬಂದರೆ ಆಕಳಿಕೆ.

ಹೆಂಡತಿ ಜ್ಞಾನಮ್ಮ ಅಂದಳು, "ಏನೂಂದ್ರೆ, ಊರೋರ ಚಪ್ಪಲಿ ಎಲ್ಲ ಗೂಟದಲ್ಲಿ ನೇತಾಡ್ತಾ ಇವೆ."

"ದೇವರ ಕೆಲಸದಲ್ಲಿದೀನಿ ಕಣೇ. ಸುಮ್ನಿರು."

ಮೊದಲು ಬಂದೋಳು ಸೂಲಗಿತ್ತಿ ಚೌರಮ್ಮ. "ಇನ್ನಾಸಣ್ಣ, ಚಪ್ಪಲಿ ಅಟ್ಟೆ ಕಿತ್ತುಹೋಗೈತೆ. ಮೇಲಿನ ಕೇರೀಲಿ ಹೆರಿಗೆ. ಎರಡು ಹೊಲಿಗೆ ಹಾಕ್ಕೊಡಪ್ಪ."

ಇನ್ನಾಸಪ್ಪ ಒಂದು ಕಣ್ಣು ತೆರೆದ. "ದೇವರ ಕೆಲಸದಲ್ಲಿದೀನಿ. ಹಬ್ಬ ಮುಗೀಲಿ."

ಆಮೇಲೆ ಕುರಿ ಕಾಯೋ ರಾಯಪ್ಪ ಬಂದ. "ಅಣ್ಣಾ, ಮುಳ್ಳಲ್ಲಿ ಬರಿಗಾಲಲ್ಲಿ ಹೆಂಗೆ ತಿರುಗ್ಲಿ?"

"ದೇವರ ಕೆಲಸದಲ್ಲಿದೀನಿ. ಹಬ್ಬ ಮುಗೀಲಿ." ಈ ಸಲ ಕಣ್ಣೂ ತೆರೀಲಿಲ್ಲ.

ಮೂರನೇದಾಗಿ ಬಂದೋರು ಯಾರು? ಸ್ವಾಮಿಗಳೇ! ಇನ್ನಾಸಪ್ಪ ದಡಬಡಿಸಿ ಎದ್ದ. "ಸ್ತೋತ್ರ ಸ್ವಾಮಿ!"

"ಚಪ್ಪಲಿ ಉಂಗುಷ್ಠ ಕಿತ್ತಿದೆ ಇನ್ನಾಸಪ್ಪ. ಗುಡ್ಡದಾಚೆ ಹಟ್ಟೀಲಿ ಒಬ್ಬ ಅಜ್ಜಿ ಹಾಸಿಗೆ ಹಿಡಿದಿದಾಳೆ. ದಿನಾ ಪ್ರಸಾದ ಕೊಟ್ಟು ಬರಬೇಕು."

"ಬಿಟ್ಟು ಹೋಗಿ ಸ್ವಾಮಿ. ಜಪದ ಮಧ್ಯೆ ಇದೀನಿ, ನಿಲ್ಲಿಸಿದರೆ ದೋಷ."

ಸ್ವಾಮಿಗಳು ಚಪ್ಪಲಿ ಕಳಚಿದರು. ಬಿಟ್ಟು ಹೋದರು. ಚಪ್ಪಲಿ ಗೂಟಕ್ಕೆ ಬಿತ್ತು. ಅವರಿಗೆ ಇದ್ದದ್ದು ಅದೊಂದೇ ಜೊತೆ. ಊರಿನ ಕಾಲುಗಳ ಅಳತೆಯೆಲ್ಲ ಬಲ್ಲ ಇನ್ನಾಸಪ್ಪನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಕೇಳಿ, ಗಂಟಲು ಗೆದ್ದಿತು. ಇಂಥಾ ಜಪ ನಾವು ಕಂಡಿಲ್ಲ ಅಂತ ಊರಿನ ಹಿರೀಕರು ಮೊದಲ ಕುರ್ಚಿ ಅವನಿಗೇ ಕೊಟ್ಟರು. ಆಮೇಲೆ ಶುರುವಾಯ್ತು ನೋಡಿ ಕಾಲಿನ ಸೇವೆ! ಒಂದು ದಿನ ಸೀಗೆಪುಡಿ. ಒಂದು ದಿನ ಇಟ್ಟಿಗೆ ಚೂರು. ಒಂದು ದಿನ ಹಾಲಿನ ಕೆನೆ. ಕೊನೆಗೆ ದಬ್ಬಣವನ್ನೂ ಕೆಳಗಿಳಿಸಿದ. ಯಾರಿಗೆ ಹೊಲಿದ? ತನಗೇ! ಮನೆಯಿಂದ ಚರ್ಚಿನ ತನಕ ಕಾಲಿಗೆ ಧೂಳು ತಾಗಬಾರದಲ್ಲ, ಅದಕ್ಕೆ ಹೊಸ ಚಪ್ಪಲಿ.

ಗುರುವಾರ ಸಂಜೆ ಹೊಸ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಇನ್ನಾಸಪ್ಪ ಮೊದಲ ಕುರ್ಚೀಲಿ ಕೂತ. ಸ್ವಾಮಿಗಳು ಸೊಂಟಕ್ಕೆ ಟವೆಲು ಕಟ್ಟಿ ಅವನ ಮುಂದೆ ಮಂಡಿಯೂರಿದರು. ಚೊಂಬಿನಿಂದ ನೀರು ಹೊಯ್ದರು. ತಟ್ಟೆಗೆ ಬಿದ್ದ ನೀರು ಹೊಯ್ದ ಹಾಗೇ ತಿಳಿಯಾಗಿತ್ತು.

"ಇನ್ನಾಸಪ್ಪ, ನನಗೆ ತೊಳೆಯೋಕೆ ಏನೂ ಉಳಿಸಿಲ್ಲವಲ್ಲಪ್ಪ," ಅಂದರು ಮೆಲ್ಲಗೆ.

ಆ ಮಂಕನಿಗೆ ಅದು ಹೊಗಳಿಕೆ ಅನ್ನಿಸ್ತು! "ಎಲ್ಲ ನಿಮ್ಮ ಆಶೀರ್ವಾದ ಸ್ವಾಮಿ," ಅಂತ ಉಬ್ಬಿ, ಜನಕ್ಕೆ ಕೇಳಿಸಿತೋ ಇಲ್ಲವೋ ಅಂತ ತಲೆ ಎತ್ತಿದ.

ಜನ ಅವನನ್ನ ನೋಡ್ತಾನೇ ಇರಲಿಲ್ಲ. ಮಂಡಿಯೂರಿದ ಸ್ವಾಮಿಗಳ ಅಂಗಾಲು ಜನರ ಕಡೆಗಿತ್ತು. ಅಂಗಾಲು ಒಡೆದಿತ್ತು, ಮುಳ್ಳಿನ ಮೊನೆಗಳು ಅಲ್ಲಲ್ಲೇ ಮುರಿದು ಕೂತಿದ್ದವು, ರಕ್ತ ಒಣಗಿ ಕಪ್ಪಾಗಿತ್ತು.

"ಅಯ್ಯೋ, ಸ್ವಾಮಿಗಳ ಕಾಲು ನೋಡ್ರೇ!" ಅಂದಳು ಚೌರಮ್ಮ.

ನೋಡಿದರು. ಆ ಕಾಲು ನೋಡಿದರು, ಕೆನೆ ಹಚ್ಚಿದ ಈ ಕಾಲು ನೋಡಿದರು, ಆಮೇಲೆ ಇನ್ನಾಸಪ್ಪನ ಮುಖ ನೋಡಿದರು. ಜ್ಞಾನಮ್ಮ ಎದ್ದಳು. ಬಾಗಿಲಿಗೆ ಹೋಗಿ ಹೊಸ ಚಪ್ಪಲಿ ತಂದು ಸ್ವಾಮಿಗಳ ಪಕ್ಕ ಇಟ್ಟಳು.

"ಇವು ನಿಮಗೆ ಸ್ವಾಮಿ. ನಮ್ಮೋರ ಕಾಲಿಗೆ ತೊಳೆಯೋವಷ್ಟಾದ್ರೂ ಕೊಳೆ ಬರಲಿ."

ಇನ್ನಾಸಪ್ಪ ಬರಿಗಾಲಲ್ಲೇ ಮನೆಗೆ ನಡೆದ. ದಾರೀಲಿ ಒಂದು ಮುಳ್ಳು ಚುಚ್ಚಿತು, ಅದು ಚೌರಮ್ಮನದು. ಇನ್ನೊಂದು ಚುಚ್ಚಿತು, ಅದು ರಾಯಪ್ಪನದು. ಮೂರನೇದು ಮಾತ್ರ ಮೂಳೆಗೇ ಹೋಯ್ತು. ಯಾರದು ಅಂತ ನಾನು ಹೇಳಬೇಕೇ?

ಮನೆಗೆ ಬಂದವನು ಜಗುಲಿ ಮೇಲೆ ಕೂರಲಿಲ್ಲ. ಗೂಟದಿಂದ ಸ್ವಾಮಿಗಳ ಚಪ್ಪಲಿ ಇಳಿಸಿ, ಯಾರೂ ಕಾಣದ ಒಳಮನೇಲಿ ಕೂತು ಹೊಲಿದ. ಒಳ್ಳೇವನಾಗಿಬಿಟ್ಟ ಅಂತ ತಿಳೀಬೇಡಿ! ಮರ್ಯಾದೆ ಹೋಗಿತ್ತು, ಕಾಲು ಉರೀತಿತ್ತು, ಅದಕ್ಕೇ ಹೊಲಿದ. ಆದರೂ ಹೊಲಿಗೆ ನೆಟ್ಟಗಿತ್ತು. ಬಾಯಿ ಮುಚ್ಚಿತ್ತು. ಆ ನಲವತ್ತು ದಿನದಲ್ಲಿ ಅವನ ಕಡೆಯಿಂದ ದೇವರಿಗೆ ಮುಟ್ಟಿದ ಜಪ ಅದೊಂದೇ ಅಂತೆ.

ಕಥೆ ಚಪ್ಪಲಿ ಮೆಟ್ಟಿ ಗುಡ್ಡದಾಚೆ ಹೋಯ್ತು. ನೀವಿನ್ನೂ ಇಲ್ಲೇ ಕೂತಿದೀರಲ್ಲ? ಏಳಿ, ನಿಮ್ಮ ನಿಮ್ಮ ಗೂಟದಲ್ಲಿ ಏನು ನೇತಾಡ್ತಿದೆ ನೋಡ್ಕೊಳ್ಳಿ.